ವಿಶ್‌ವೇಶ್‌ವರಯ್‌ಯ ಅವರಿಗೆ ನಮಸ್‌ಕಾರ

ಸರ್ಟಿಫಿಕೇಟ್ ವಿಷಯ ನಿಮಗೆಲ್ಲ ಗೊತ್ತೇ ಇದೆ. ಚಿಕ್ಕಬಳ್ಳಾಪುರದ ಒಂದು ವಾಟ್ಸಾಪ್ ಗುಂಪನ್ನೂ ಬಿಡದೆ ಸುತ್ತಿ ಬಂದಿದೆ. ಎಂಜಿನಿಯರ್ಸ್ ಡೇ ಅಂತ ಶಾಲೆ ಮಕ್ಕಳಿಗೆ ಆನ್‌ಲೈನ್ ಕ್ವಿಜ್ ಇಟ್ಟರು. ಭಾಗವಹಿಸಿದವರಿಗೆಲ್ಲ ಇ-ಸರ್ಟಿಫಿಕೇಟ್ ಹಂಚಿದರು. ಮೇಲೆ ಮೈಸೂರು ಪೇಟ ತೊಟ್ಟ ಸರ್ ಎಂ.ವಿ. ಚಿತ್ರ. ಸುತ್ತ ಚಿನ್ನದ ಬಣ್ಣದ ಅಂಚು. ಕೆಳಗೆ ಸಾಲಾಗಿ ಗಣ್ಯರ ಫೋಟೋ. ನಡುವೆ ದಪ್ಪ ಅಕ್ಷರದಲ್ಲಿ: ‘ಭಾರತರತ್‌ನ ಸರ್ ಎಂ. ವಿಶ್‌ವೇಶ್‌ವರಯ್‌ಯ’.

ಒಂದೇ ಹೆಸರಲ್ಲಿ ಮೂರು ಕಡೆ ಮೂಳೆ ಮುರಿದಿದೆ. ಭಾರತರತ್ನಕ್ಕೂ ಒಂದು ಪೆಟ್ಟು ಬಿದ್ದಿದೆ. ಗಣ್ಯರ ಫೋಟೋಗಳಿಗೆ ಮಾತ್ರ ಏನೂ ಆಗಿಲ್ಲ. ಮೀಸೆಯ ಒಂದು ಕೂದಲೂ ಆಚೀಚೆ ಇಲ್ಲ.

ಸರ್ ಎಂ.ವಿ. ಹುಟ್ಟಿದ ಮುದ್ದೇನಹಳ್ಳಿ ಇಲ್ಲೇ ಪಕ್ಕದಲ್ಲಿದೆ. ಸಮಾಧಿಯೂ ಅಲ್ಲೇ. ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಕೂರಿಸಿದ ಮನುಷ್ಯ. 1912ರಿಂದ 1918ರವರೆಗೆ ಮೈಸೂರಿನ ದಿವಾನ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ, ಇವರು ದಿವಾನರಾಗಿದ್ದಾಗಲೇ. ಅಂಥವರ ಹೆಸರಿನ ವಕಾರವನ್ನು ಶಕಾರದ ಕೆಳಗೆ ಕೂರಿಸೋಕೆ ಇವತ್ತಿನ ಕಂಪ್ಯೂಟರಿಗೆ ಆಗಲಿಲ್ಲವಂತೆ. ಕಾರಣ ಕೇಳಿದರೆ ‘ತಾಂತ್ರಿಕ ದೋಷ’.

ತಾಂತ್ರಿಕ ದೋಷ ಅನ್ನುವುದು ಎಂಥ ಅನುಕೂಲದ ವಸ್ತು ಅಂತೀರಿ! ಅದಕ್ಕೆ ಹೆಸರಿಲ್ಲ, ಹುದ್ದೆಯಿಲ್ಲ, ಸಸ್ಪೆಂಡ್ ಮಾಡೋಕೆ ಬರಲ್ಲ. ಪಹಣಿಯಲ್ಲಿ ಹೆಸರು ತಪ್ಪಿದರೂ ಅದೇ, ಪಿಂಚಣಿ ನಿಂತರೂ ಅದೇ. ಇಷ್ಟು ವರ್ಷದಿಂದ ಇಷ್ಟು ಕಚೇರಿಗಳಲ್ಲಿ ಒಂದು ದಿನವೂ ರಜೆ ಹಾಕದೆ ದುಡಿಯುತ್ತಿರುವ ಏಕೈಕ ನೌಕರ ಅದೇ. ಮುಂದಿನ ಸಲ ಸನ್ಮಾನಕ್ಕೆ ಅದನ್ನೇ ಕರೆಯಿರಿ.

ಸರ್ಟಿಫಿಕೇಟ್ ಮಾಡಿಕೊಟ್ಟ ಹುಡುಗನ ನಂಬರ್ ಸಿಕ್ಕಿತು. ಪಾಪ, ಮರ್ಯಾದಸ್ಥ. ‘ಸಾರ್, ಸರ್ವರಲ್ಲಿ ಕನ್ನಡ ಸಪೋರ್ಟ್ ಇಲ್ಲ ಸಾರ್’ ಅಂದ.

‘ಹಂಗಾದ್ರೆ ಈ ಅಕ್ಷರ ಎಲ್ಲಿಂದ ಬಂತಪ್ಪಾ?’

‘ಅಕ್ಷರ ಬರ್ತದೆ ಸಾರ್. ಕಾಗುಣಿತನೂ ಬರ್ತದೆ. ಒತ್ತು ಒಂದೇ ಬರಲ್ಲ. ಮುಕ್ಕಾಲು ಪಾಲು ಓಕೆ ಸಾರ್.’

ಮುಕ್ಕಾಲು ಪಾಲು ಓಕೆ! ಒತ್ತು ಒಂದು ಬರದಿದ್ದರೆ ಕನ್ನಡದಲ್ಲಿ ಉಳಿಯೋದೇನು ಅಂತ ಕೂತು ಲೆಕ್ಕ ಹಾಕಿದೆ. ನಮ್ಮ ತಾಲೂಕುಗಳನ್ನೇ ತಗೊಳ್ಳಿ. ಚಿಂತಾಮಣಿ ಬಚಾವ್. ಗುಡಿಬಂಡೆ ಬಚಾವ್. ಗೌರಿಬಿದನೂರು ಬಚಾವ್. ಬಾಗೇಪಲ್ಲಿ, ಶಿಡ್ಲಘಟ್ಟ ಔಟ್. ಚಿಕ್ಕಬಳ್ಳಾಪುರ ಎರಡು ಕಡೆ ಔಟ್. ಆ ಕಡೆ ತುಮಕೂರಿಗೆ ಏನೂ ಆಗಲ್ಲ, ಈ ಕಡೆ ಕೋಲಾರಕ್ಕೂ ಏನೂ ಆಗಲ್ಲ. 2007ರಲ್ಲಿ ನಾವು ಕೋಲಾರದಿಂದ ಬೇರೆಯಾಗದೆ ಇದ್ದಿದ್ದರೆ ಜಿಲ್ಲೆಯ ಹೆಸರಾದರೂ ನೆಟ್ಟಗೆ ಬರುತ್ತಿತ್ತು. ಹೋರಾಟ ಸಮಿತಿಯವರು ಆಗಲೇ ಇದನ್ನು ಯೋಚಿಸಬೇಕಿತ್ತು.

ಇನ್ನು ಜನರ ಹೆಸರು. ನಮ್ಮ ಸೀಮೆಯಲ್ಲಿ ಹೆಸರು ಮುಗಿಯೋದೇ ಅಪ್ಪ, ಅಮ್ಮನಲ್ಲಿ. ಮುನಿಯಪ್ಪ, ವೆಂಕಟಪ್ಪ, ಲಕ್ಷ್ಮಮ್ಮ, ನಾರಾಯಣಮ್ಮ. ಒತ್ತು ತೆಗೆದರೆ ಅಪ್‌ಪ, ಅಮ್‌ಮ. ಈ ಸಾಫ್ಟ್‌ವೇರಿಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಆಮೇಲೆ ನೋಡಿದರೆ ‘ಕನ್ನಡ’ವೇ ‘ಕನ್‌ನಡ’. ಅಲ್ಲಿಗೆ ಲೆಕ್ಕ ನಿಲ್ಲಿಸಿದೆ.

ನಮ್ಮಕ್ಕನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಅವನು ಸರ್ಟಿಫಿಕೇಟನ್ನು ಒಂದು ಸಲ ಝೂಮ್ ಮಾಡಿ ನೋಡಿ, ‘ಮಾವ, ಇದು ಜಿಡಿ. ರಾಕ್ಮ್ ಹಾಕ್ದೆ ಬಿಲ್ಡ್ ಮಾಡವ್ರೆ, ಅಷ್ಟೇ’ ಅಂದ. ನಾಟಿ ವೈದ್ಯರು ನಾಡಿ ಹಿಡಿದು ಹೇಳ್ತಾರಲ್ಲ, ಹಾಗೆ.

ಜಿಡಿ ಅಂದರೆ ವೆಬ್‌ಸೈಟುಗಳು ತಾವೇ ಚಿತ್ರ ಬರೆಯೋಕೆ ಬಳಸುವ ಗ್ರಾಫಿಕ್ಸ್ ಲೈಬ್ರರಿ. ಲೈಬ್ರರಿ ಅಂದರೆ ಬೇರೆ ಪ್ರೋಗ್ರಾಮುಗಳು ಎರವಲು ಪಡೆಯುವ ಸಿದ್ಧ ಕೋಡು. ಖಾಲಿ ಸರ್ಟಿಫಿಕೇಟಿನ ಮೇಲೆ ಸಾವಿರಾರು ಹೆಸರು ಒತ್ತೋದು, ಓಟಿಪಿ ಪಕ್ಕದಲ್ಲಿ ಸೊಟ್ಟಪಟ್ಟ ಅಕ್ಷರದ ಕ್ಯಾಪ್ಚಾ ಬರೆಯೋದು, ಇಂಥ ಕೆಲಸ. ಥಾಮಸ್ ಬೂಟೆಲ್ ಎಂಬಾತ ಕಳೆದ ಶತಮಾನದಲ್ಲಿ ಶುರು ಮಾಡಿದ್ದು. ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡಿಲ್ಲ. ಅದಕ್ಕೂ ಒಂದು ಕಷ್ಟಕಾಲ ಬಂದಿತ್ತು. ಗಿಫ್ ಚಿತ್ರಗಳನ್ನು ಕುಗ್ಗಿಸುವ ವಿಧಾನದ ಪೇಟೆಂಟು ಯುನಿಸಿಸ್ ಕಂಪನಿಯ ಕೈಲಿತ್ತು. ದುಡ್ಡು ಕೇಳಿದರು. 1999ರಲ್ಲಿ ಜಿಡಿಯವರು ಗಿಫ್ ಅನ್ನೇ ಕಿತ್ತುಹಾಕಿ ಇನ್ನೊಂದು ಚಿತ್ರ ನಮೂನೆಯಾದ ಪಿಎನ್‌ಜಿ ಹಿಡಿದರು. ಪೇಟೆಂಟಿನ ಅವಧಿ ತೀರಿದ ಮೇಲೆ 2004ರಲ್ಲಿ ವಾಪಸ್ ಸೇರಿಸಿದರು. ಯಾಕೆ ತೆಗೆದೆವು, ಯಾಕೆ ಸೇರಿಸಿದೆವು ಅಂತ ಬರೆದೂ ಇಟ್ಟರು. ‘ತಾಂತ್ರಿಕ ದೋಷ’ ಅಂದು ಫೋನಿಡಲಿಲ್ಲ. ಕಚೇರಿ ನಡೆಸೋ ಅನುಭವ ಸಾಲದು ಅಂತ ಕಾಣುತ್ತೆ.

ಒತ್ತಿನ ವಿಷಯಕ್ಕೆ ಬರೋಣ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯುನಿಕೋಡಿನಲ್ಲಿ ಕನ್ನಡ 1991ರಿಂದ ಇದೆ. ಅದರಲ್ಲಿ ‘ಶ್ವ’ ಅಂತ ಬೇರೆ ಅಕ್ಷರ ಇರಲ್ಲ. ಶ, ಹಲಂತ, ವ ಅಂತ ಸಾಲಾಗಿ ಇರುತ್ತೆ. ಈ ಮೂರನ್ನು ನೋಡಿ, ಫಾಂಟಿನೊಳಗಿನ ಪಟ್ಟಿ ಹುಡುಕಿ, ಸರಿಯಾದ ಒತ್ತನ್ನು ತಂದು ಕೂರಿಸೋಕೆ ಒಬ್ಬರು ಬೇಕು. ಆ ಕೆಲಸ ಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿಯದ್ದು. ಅದೂ ಬಿಟ್ಟಿ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮಿನಲ್ಲಿ, ಫೈರ್‌ಫಾಕ್ಸಿನಲ್ಲಿ ಅದೇ ಇರೋದು. ಅದಕ್ಕೇ ‘ಕನ್ನಡ ಸಪೋರ್ಟ್ ಇಲ್ಲ ಸಾರ್’ ಅನ್ನೋ ಮೆಸೇಜ್ ಕೂಡ ವಾಟ್ಸಾಪಿನಲ್ಲಿ ಒತ್ತಕ್ಷರದ ಸಮೇತ ನೀಟಾಗಿ ಬರುತ್ತೆ.

ಜಿಡಿಗೂ ಹಾರ್ಫ್‌ಬಜ್‌ಗೂ ಮಾತುಕತೆ ಮಾಡಿಸುವ ಪುಟ್ಟ ಲೈಬ್ರರಿಯೇ ಈ ರಾಕ್ಮ್. ಅದರ ಸೋರ್ಸ್ ಕೋಡ್ ತೆರೆದರೆ ಮೊದಲ ಸಾಲುಗಳಲ್ಲೇ ಹಕ್ಕುದಾರರ ಹೆಸರಿದೆ. 2015, ಇನ್ಫರ್ಮೇಷನ್ ಟೆಕ್ನಾಲಜಿ ಅಥಾರಿಟಿ. ಯಾವ ದೇಶದ್ದು? ಒಮಾನ್ ದೇಶದ್ದು. ಅರಬ್ಬಿ ಅಕ್ಷರ ಚಿತ್ರಗಳಲ್ಲಿ ಸರಿಯಾಗಿ ಬರಲಿ ಅಂತ ಅವರ ಒಂದು ಸರ್ಕಾರಿ ಸಂಸ್ಥೆ ಇದರ ಹಿಂದೆ ನಿಂತಿತು. ಮಾಡಿಸಿದ್ದನ್ನು ಲೋಕಕ್ಕೆಲ್ಲ ಬಿಟ್ಟಿ ಕೊಟ್ಟಿತು. ಅದನ್ನು ಸೇರಿಸಿಕೊಂಡರೆ ಸಾಕು, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ನೆಟ್ಟಗೆ ನಿಲ್ಲುತ್ತಾರೆ. ಮಸ್ಕತ್ತಿನವರಿಗೆ ಇರೋ ಕಾಳಜಿ ಅಂತ ಭಾಷಣ ಬಿಗಿಯೋಣ ಅಂದರೆ, ನಮ್ಮಲ್ಲಿ ಅದನ್ನು ಡೌನ್‌ಲೋಡ್ ಮಾಡೋರೂ ಇಲ್ಲ.

ಸರಿಯಾದ ಸರ್ಟಿಫಿಕೇಟ್ ತಾನೇ ಮಾಡಿ ತೋರಿಸ್ತೀನಿ ಅಂತ ಅಕ್ಕನ ಮಗ ಹಠಕ್ಕೆ ಬಿದ್ದ. ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಸಿದ್ಧ ಪ್ಯಾಕೇಜುಗಳನ್ನು ಹಾಕಿಕೊಂಡು ಅರ್ಧ ಕೆಲಸ ಉಳಿಸಬಹುದಿತ್ತು. ‘ಬೇಡ ಮಾವ, ಮುಖ್ಯವಾದ್ದೆಲ್ಲಾ ಸೋರ್ಸ್‌ನಿಂದಲೇ’ ಅಂದ. ನಮ್ಮನೆ ಊಟದ ಮೇಜಿನ ಮೇಲೆ ಅವನ ಹಳೇ ಲ್ಯಾಪ್‌ಟಾಪ್ ಕೂತಿತು. ನಾನು ಪಕ್ಕದಲ್ಲಿ ಕಡ್ಲೆಕಾಯಿ ಬಿಡಿಸುತ್ತಾ ಕೂತೆ.

ಕಪ್ಪು ಪರದೆ ಮೇಲೆ ಸಾಲು ಓಡೋಕೆ ಶುರುವಾಯಿತು. ಇದಿದೆಯಾ? ಎಸ್. ಅದಿದೆಯಾ? ಎಸ್. ಲಿಬ್‌ಪಿಎನ್‌ಜಿ ಇದೆಯಾ? ನೋ. ‘ಇದೆಯಲ್ಲೋ, ಮೊನ್ನೆ ತಾನೇ ಹಾಕಿದ್ದೆ ಅಂದೆ?’ ‘ಅದು ಓಡಿಸೋಕೆ ಬೇಕಾದ್ದು ಮಾವ. ಕಂಪೈಲ್ ಮಾಡೋಕೆ, ಅಂದ್ರೆ ಕೋಡಿನಿಂದ ಹೊಸದಾಗಿ ಕಟ್ಟೋಕೆ, ಹೆಡರ್ ಫೈಲ್ ಬೇಕು. ಡೆವ್ ಅಂತ ಬೇರೆ ಪ್ಯಾಕೇಜು.’ ಆಮೇಲೆ ಒಂದೊಂದು ಲೈಬ್ರರಿ ಕಟ್ಟೋಕೆ ಒಂದೊಂದು ಸಾಧನ, ಒಂದೊಂದು ಮಡಿ. ಒಂದಕ್ಕೆ ಕಾನ್ಫಿಗರ್ ಮತ್ತು ಮೇಕ್. ಇನ್ನೊಂದಕ್ಕೆ ಸಿಮೇಕ್. ಮತ್ತೊಂದಕ್ಕೆ ಮೆಸಾನ್, ಅದರ ಜೊತೆಗೆ ನಿಂಜಾ. ಮೆಸಾನ್ ಓಡೋಕೆ ಪೈಥಾನ್.

ಮಜಾ ಇರೋದು ಮುಂದೆ. ಅಕ್ಷರದ ಆಕಾರ ಬರೆಯೋದು ಫ್ರೀಟೈಪ್. ಅದನ್ನು ಪೂರ್ತಿ ಸೌಲಭ್ಯದ ಜೊತೆ ಕಟ್ಟಬೇಕಾದರೆ ಮೊದಲು ಹಾರ್ಫ್‌ಬಜ್ ಇರಬೇಕು. ಹಾರ್ಫ್‌ಬಜ್ ಕಟ್ಟೋಕೆ ಹೋದರೆ ಅದು ಮೊದಲು ಫ್ರೀಟೈಪ್ ತಾ ಅನ್ನುತ್ತೆ. ರೇಷನ್ ಕಾರ್ಡಿಗೆ ಆದಾಯ ಪ್ರಮಾಣಪತ್ರ ಕೇಳಿ, ಆದಾಯ ಪ್ರಮಾಣಪತ್ರಕ್ಕೆ ರೇಷನ್ ಕಾರ್ಡ್ ಕೇಳ್ತಾರಲ್ಲ, ಸಾಕ್ಷಾತ್ ಅದೇ. ನನಗೆ ತವರಿಗೆ ಬಂದಷ್ಟು ಖುಷಿಯಾಯಿತು. ಆದರೆ ಇಲ್ಲಿ ಪರಿಹಾರವನ್ನೂ ಬರೆದಿಟ್ಟಿದ್ದಾರೆ. ಮೊದಲು ಹಾರ್ಫ್‌ಬಜ್ ಇಲ್ಲದೆ ಫ್ರೀಟೈಪ್ ಕಟ್ಟು. ಅದನ್ನಿಟ್ಟುಕೊಂಡು ಹಾರ್ಫ್‌ಬಜ್ ಕಟ್ಟು. ಆಮೇಲೆ ಫ್ರೀಟೈಪನ್ನು ಇನ್ನೊಂದು ಸಲ ಕಟ್ಟು. ಏಜೆಂಟ್ ಇಲ್ಲ, ಕಾಫಿ ಖರ್ಚಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯುಗವಾಗಿದೆ. ಪಕ್ಕದ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಪ್ರಪಂಚದ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಒಂದು ಅಂತ ಓದಿ ಹೆಮ್ಮೆ ಪಟ್ಟಿದ್ದೇನೆ. ಕತ್ತಲಲ್ಲಿ ಕೂತು ಮತ್ತೊಮ್ಮೆ ಪಟ್ಟೆ. ಕರೆಂಟ್ ಬಂದ ಮೇಲೆ ಹುಡುಗ ಮತ್ತೆ ಮೇಕ್ ಅಂತ ಹೊಡೆದ. ಎಲ್ಲಾ ಮೊದಲಿಂದ ಅಂತ ನಾನಂದುಕೊಂಡರೆ, ಅದು ಆಗಿದ್ದನ್ನು ಮುಟ್ಟದೆ ಉಳಿದಿದ್ದನ್ನು ಮಾತ್ರ ಹಿಡಿಯಿತು. ಯಾವ ಫೈಲ್ ಯಾವಾಗ ಬದಲಾಯಿತು ಅಂತ ನೋಡಿ, ಬೇಕಾದ್ದಷ್ಟೇ ಮಾಡುತ್ತಂತೆ. 1976ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಪ್ರೋಗ್ರಾಮು ಅದು. ನಮ್ಮ ರಸ್ತೆಯನ್ನು ನೀರಿನ ಪೈಪಿಗೆ ಒಂದು ಸಲ, ಕೇಬಲ್ಲಿಗೆ ಒಂದು ಸಲ, ಒಳಚರಂಡಿಗೆ ಒಂದು ಸಲ ಅಗೆದವರು ಇದನ್ನು ಒಂದು ಸಲ ಓಡಿಸಿ ನೋಡಬಹುದು.

ಕೊನೆಗೆ ಜಿಡಿಯ ಸರದಿ. ಕಾನ್ಫಿಗರ್ ಮುಗಿದ ಮೇಲೆ ಒಂದು ಪಟ್ಟಿ ಬರುತ್ತೆ, ಏನೇನು ಇದೆ, ಏನೇನು ಇಲ್ಲ ಅಂತ. ಹುಡುಗ ಬೇಕಂತಲೇ ಮೊದಲು ರಾಕ್ಮ್ ಸೇರಿಸದೆ ಓಡಿಸಿ ತೋರಿಸಿದ. ಪಿಎನ್‌ಜಿ: ಎಸ್. ಜೆಪೆಗ್: ಎಸ್. ಗಣ್ಯರ ಮೀಸೆ ಉಳಿದದ್ದು ಇದರಿಂದ. ಫ್ರೀಟೈಪ್: ಎಸ್. ರಾಕ್ಮ್: ನೋ.

ಅಷ್ಟೇ. ಕೆಂಪು ಬಣ್ಣ ಇಲ್ಲ, ಎಚ್ಚರಿಕೆ ಇಲ್ಲ, ಕೆಲಸ ನಿಲ್ಲೋದೂ ಇಲ್ಲ. ಲೈಬ್ರರಿ ಆರಾಮಾಗಿ ಕಟ್ಟಿಕೊಳ್ಳುತ್ತೆ, ಇನ್‌ಸ್ಟಾಲ್ ಆಗುತ್ತೆ, ಇಂಗ್ಲಿಷ್ ಸಕತ್ತಾಗಿ ಬರುತ್ತೆ. ಆ ಒಂದು ‘ನೋ’ ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪರೀಕ್ಷೆ ಮಾಡೋಕೆ ಟೈಪ್ ಮಾಡಿದ ಹೆಸರು ‘ರಮೇಶ’ ಅಂತಲೇ ಇದ್ದಿರಬೇಕು. ರಮೇಶನಿಗೆ ಒತ್ತಿಲ್ಲ.

ರಾಕ್ಮ್ ಸೇರಿಸಿ ಮತ್ತೆ ಕಟ್ಟಿದ. ಇನ್‌ಸ್ಟಾಲ್ ಮಾಡಿದ. ಪ್ರೋಗ್ರಾಮ್ ಓಡಿಸಿದರೆ ‘ಅಂಥ ಫೈಲೇ ಇಲ್ಲ’ ಅಂತು. ಫೈಲು ಅಲ್ಲೇ ಇದೆ, ನಾನೇ ಕಣ್ಣಾರೆ ಕಂಡೆ. ಹೊಸ ಲೈಬ್ರರಿ ಬಂದಿದೆ ಅಂತ ಸಿಸ್ಟಮ್ಮಿನ ಪಟ್ಟಿಯಲ್ಲಿ ದಾಖಲಾಗಿರಲಿಲ್ಲವಂತೆ. ಎಲ್‌ಡಿಕಾನ್ಫಿಗ್ ಅಂತ ಒಂದು ಆಜ್ಞೆ ಹೊಡೆದ ಮೇಲೆ ಸರಿಹೋಯಿತು. ಆಮೇಲೂ ವೆಬ್‌ಸೈಟು ನಡೆಸುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿ ತನ್ನೊಳಗೇ ಇರುವ ಇನ್ನೊಂದು ಜಿಡಿಯನ್ನು ಬಳಸುತ್ತಾ ಕೂತಿತ್ತು. ಹೊರಗಿನದನ್ನು ಬಳಸು ಅಂತ ಹೇಳಿ ಅದನ್ನೂ ಕಟ್ಟಬೇಕಾಯಿತು. ಮಲಗೋ ಹೊತ್ತಿಗೆ ಪರದೆ ಮೇಲೆ ಬಂತು: ‘ಭಾರತರತ್ನ ಸರ್ ಎಂ. ವಿಶ್ವೇಶ್ವರಯ್ಯ’. ನಾಲ್ಕು ಒತ್ತೂ ಸ್ವಸ್ಥಾನದಲ್ಲಿ. ಫಾಂಟು ಲೋಹಿತ್ ಕನ್ನಡ, ಅದೂ ಬಿಟ್ಟಿ.

ಇದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಸರ್ಟಿಫಿಕೇಟ್ ಹಂಚಿದ ಕಚೇರಿಗೆ ಹೋದೆವು. ಸಾಹೇಬರು ಆಸಕ್ತಿಯಿಂದಲೇ ನೋಡಿದರು.

‘ಚೆನ್ನಾಗಿದೆ. ರೇಟ್ ಎಷ್ಟು ಇದಕ್ಕೆ?’

‘ರೇಟ್ ಇಲ್ಲ ಸಾರ್. ಓಪನ್ ಸೋರ್ಸು. ಫ್ರೀ.’

ಅವರ ಮುಖ ಸಣ್ಣಗಾಯಿತು. ‘ಫ್ರೀ ಅಂದ್ರೆ ಕಷ್ಟ ಕಣ್ರೀ. ಯಾವ ಹೆಡ್ಡಲ್ಲಿ ತೋರಿಸೋದು? ನಾಳೆ ಆಡಿಟ್‌ನವ್ರು ಕೇಳ್ತಾರೆ. ಒಂದು ಕೊಟೇಶನ್ ಆದ್ರೂ ಕೊಡಿ, ನೋಡೋಣ.’

ನಮ್ಮ ಹುಡುಗ ತಲೆ ಕೆರೆದುಕೊಂಡು ಸೊನ್ನೆ ರೂಪಾಯಿಗೆ ಕೊಟೇಶನ್ ಬರೆದುಕೊಟ್ಟ. ಒಂದೇ ಕೊಟೇಶನ್ ಆದರೆ ಆಗಲ್ಲ, ಹೋಲಿಸಿ ನೋಡೋಕೆ ಇನ್ನೂ ಎರಡು ಬೇಕು ಅಂದರು. ಸೊನ್ನೆಗಿಂತ ಕಡಿಮೆ ಯಾರು ಕೋಟ್ ಮಾಡ್ತಾರೋ ಕಾದು ನೋಡಬೇಕು.

ನಗು ಸಾಕು. ಬಾಗೇಪಲ್ಲಿ ಕಡೆಯ ಒಂದು ಹಳ್ಳಿ ಶಾಲೆಯ ಹುಡುಗಿ, ಹೆಸರು ಭಾಗ್ಯಲಕ್ಷ್ಮಿ ಅಂತ ಇಟ್ಟುಕೊಳ್ಳಿ. ಕ್ವಿಜ್‌ನಲ್ಲಿ ಎಲ್ಲಾ ಉತ್ತರ ಸರಿ. ಬಂದ ಸರ್ಟಿಫಿಕೇಟಿನಲ್ಲಿ ‘ಭಾಗ್‌ಯಲಕ್‌ಷ್‌ಮಿ’. ಅದು ಅವಳ ಬದುಕಿನ ಮೊದಲ ಸರ್ಟಿಫಿಕೇಟ್. ಹತ್ತು ರೂಪಾಯಿ ಕೊಟ್ಟು ಕಲರ್ ಪ್ರಿಂಟ್ ತೆಗೆಸಿ ಮನೆ ಗೋಡೆಗೆ ಅಂಟಿಸುತ್ತಾರೆ. ಅವಳ ಅಮ್ಮನಿಗೆ ಓದೋಕೆ ಬರೋದು ಕನ್ನಡ ಒಂದೇ. ಮಗಳ ಹೆಸರು ಓದೋಕೆ ಹೋಗಿ ಆಕೆ ತಡವರಿಸುತ್ತಾಳೆ. ತನಗೇ ಓದು ಬರಲ್ಲ ಅಂದುಕೊಳ್ಳುತ್ತಾಳೆ. ಇದು ತಾಂತ್ರಿಕ ದೋಷ ಅಲ್ಲ ಕಣ್ರೀ, ಉಡಾಫೆ. ಹಂಚೋ ಮೊದಲು ಒಬ್ಬರು, ಒಬ್ಬೇ ಒಬ್ಬರು, ಒಂದು ಸರ್ಟಿಫಿಕೇಟ್ ತೆರೆದು ಓದಿದ್ದರೆ ಸಾಕಿತ್ತು. ಗಣ್ಯರ ಫೋಟೋದ ಸೈಜು ಸರಿಯಿದೆಯಾ ಅಂತ ಮಾತ್ರ ಎಷ್ಟು ಜನ ನೋಡಿರಬೇಡ! ಯಾರ ಫೋಟೋ ಎಡಕ್ಕೆ, ಯಾರದು ಬಲಕ್ಕೆ ಅಂತ ಮೀಟಿಂಗ್ ನಡೆದಿರುತ್ತೆ. ಹೇಳಿ ಹೇಳಿ ಸುಸ್ತಾಗಿದೆ.

ದೂರುಗಳು ಜಾಸ್ತಿಯಾದ ಮೇಲೆ ಕ್ರಮವೂ ಆಗಿದೆ, ಇಲ್ಲ ಅನ್ನೋ ಹಾಗಿಲ್ಲ. ರಾಜ್ಯೋತ್ಸವಕ್ಕೆ ಮಕ್ಕಳಿಗೆ ‘ಕನ್ನಡ ನಾಡು, ನುಡಿ’ ಪ್ರಬಂಧ ಸ್ಪರ್ಧೆ ಇಟ್ಟಿದ್ದಾರೆ. ಇ-ಸರ್ಟಿಫಿಕೇಟೂ ಉಂಟು. ನೋಂದಣಿ ಫಾರಂ ನಿನ್ನೆ ಬಂತು. ಮೊದಲ ಸಾಲಲ್ಲೇ ಕೆಂಪಕ್ಷರದಲ್ಲಿ ಸೂಚನೆ: ‘ವಿದ್ಯಾರ್ಥಿಯ ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಮಾತ್ರ ತುಂಬತಕ್ಕದ್ದು.’