ರೆಕಾರ್ಡ್ ಬರೆಯುವ ಕೈ, ತಂತಿ ಜೋಡಿಸುವ ಕೈ

ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಪಾಠ ಮಾಡುವ ನನಗೆ ಒಂದು ದೃಶ್ಯ ಪ್ರತಿ ವರ್ಷವೂ ಎದುರಾಗುತ್ತದೆ. ನಾಲ್ವರ ತಂಡದಲ್ಲಿ ಸರ್ಕ್ಯೂಟ್ ಜೋಡಿಸುವ ತೂತುಗಳ ಹಲಗೆಯಾದ ಬ್ರೆಡ್‌ಬೋರ್ಡಿಗೆ ತಂತಿ ಚುಚ್ಚುವವನು, ವಿದ್ಯುತ್ ಅಲೆಗಳನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪಿನ ಗುಂಡಿ ತಿರುಗಿಸುವವನು ಹುಡುಗ. ರೀಡಿಂಗ್ ಗುರುತು ಹಾಕಿಕೊಂಡು, ಗ್ರಾಫ್ ಎಳೆದು, ದುಂಡಗಿನ ಅಕ್ಷರದಲ್ಲಿ ರೆಕಾರ್ಡ್ ತುಂಬಿಸುವವಳು ಹುಡುಗಿ. ಯಾರೂ ಹಾಗೆ ಹಂಚಿಕೊಟ್ಟಿರುವುದಿಲ್ಲ. ಹಲವು ವರ್ಷ ನಾನೂ ಅದನ್ನು ಗಮನಿಸದೆ ಆ ಅಂದವಾದ ರೆಕಾರ್ಡಿಗೆ ಸಹಿ ಹಾಕಿದ್ದೇನೆ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಕಳೆದ ಸೆಮಿಸ್ಟರಿನಲ್ಲಿ ಕೆಲಸವನ್ನು ಅದಲುಬದಲು ಮಾಡಿಸಿದೆ. ಆಂಪ್ಲಿಫಯರ್ ಪ್ರಯೋಗದಲ್ಲಿ ಸರಿಯಾದ ಔಟ್‌ಪುಟ್ ಬಾರದೆ ತಂಡ ಕಂಗಾಲಾಗಿದ್ದಾಗ, ಅದುವರೆಗೆ ಬರೆಯುವುದಕ್ಕಷ್ಟೇ ಕೂರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮಲ್ಟಿಮೀಟರ್ ಹಿಡಿದು ಒಂದೊಂದೇ ಬಿಂದುವಿನ ವೋಲ್ಟೇಜ್ ನೋಡುತ್ತಾ ಹೋಗಿ, ಟ್ರಾನ್ಸಿಸ್ಟರಿನ ಕಾಲುಗಳು ತಿರುವುಮುರುವಾಗಿರುವುದನ್ನು ಹತ್ತು ನಿಮಿಷದಲ್ಲಿ ಪತ್ತೆ ಹಚ್ಚಿದಳು.

ಹೆಣ್ಣುಮಕ್ಕಳಿಗೆ ತಂತ್ರಜ್ಞಾನದಲ್ಲಿ ಒಲವು ಕಡಿಮೆ ಎನ್ನುವವರು ಕೇಂದ್ರ ಸರ್ಕಾರದ 2020-21ರ ಉನ್ನತ ಶಿಕ್ಷಣ ಸಮೀಕ್ಷೆಯನ್ನು ನೋಡಬೇಕು. ಪದವಿಯಿಂದ ಪಿಎಚ್‌ಡಿವರೆಗೆ ವಿಜ್ಞಾನ ಓದುತ್ತಿದ್ದ ಸುಮಾರು 57 ಲಕ್ಷ ವಿದ್ಯಾರ್ಥಿಗಳಲ್ಲಿ 29.5 ಲಕ್ಷ ಮಂದಿ ಮಹಿಳೆಯರು, ಅಂದರೆ ಅರ್ಧಕ್ಕಿಂತ ಹೆಚ್ಚು. ಅದೇ ವರ್ಷ ಇಂಜಿನಿಯರಿಂಗ್‌ನಲ್ಲಿ ಅವರ ಪಾಲು ಮೂರನೇ ಒಂದಕ್ಕಿಂತ ಕಡಿಮೆ. ವಿಜ್ಞಾನದ ಹಲವು ಪದವಿಗಳಲ್ಲೂ ಇಂಜಿನಿಯರಿಂಗ್‌ನಲ್ಲೂ ಅದೇ ಭೌತಶಾಸ್ತ್ರ, ಅದೇ ಕಲನಶಾಸ್ತ್ರ. ವ್ಯತ್ಯಾಸ ಒಲವಿನಲ್ಲೋ ಬುದ್ಧಿಯಲ್ಲೋ ಇದ್ದಿದ್ದರೆ ಎರಡೂ ಕಡೆ ಕಾಣಬೇಕಿತ್ತಲ್ಲ? ಬಿಎಸ್ಸಿ ಊರಿನ ಸರ್ಕಾರಿ ಕಾಲೇಜಿನಲ್ಲೇ ಕಡಿಮೆ ಶುಲ್ಕಕ್ಕೆ ಮುಗಿಯುತ್ತದೆ. ಇಂಜಿನಿಯರಿಂಗ್ ಎಂದರೆ ದೊಡ್ಡ ಶುಲ್ಕ, ಹಾಸ್ಟೆಲ್, ದೂರದ ಊರು. ಸಿಇಟಿಯಲ್ಲಿ ಅಣ್ಣ-ತಂಗಿ ಇಬ್ಬರಿಗೂ ಒಳ್ಳೆಯ ರ‍್ಯಾಂಕ್ ಬಂದರೂ ಸಾಲದ ಅರ್ಜಿ ಮೊದಲು ಅಣ್ಣನ ಹೆಸರಿನಲ್ಲಿ ಬರೆಯಲಾಗುತ್ತದೆ, ತಂಗಿಯ ಪಾಲಿನ ಹಣ ಮದುವೆಗೆಂದು ಉಳಿಯುತ್ತದೆ. ನನ್ನ ಮುಂದೆ ಕಣ್ಣೀರಿಟ್ಟು ಇದನ್ನು ಹೇಳಿದವರು ಒಬ್ಬಿಬ್ಬರಲ್ಲ.

ಬಾಗಿಲು ತೆರೆದಾಗಲೆಲ್ಲ ಹೆಣ್ಣುಮಕ್ಕಳು ಒಳಗೆ ಬಂದಿದ್ದಾರೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಕಮಲಾ ಸೊಹೊನಿಯವರಿಗೆ ಪ್ರವೇಶ ನಿರಾಕರಿಸಿ, ಅವರು ಪಟ್ಟುಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಅದೇ ಕಮಲಾ ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಪಡೆದರು. ಅದೇ ಸಂಸ್ಥೆಯಲ್ಲಿ ಹಲವು ವರ್ಷ ಮೈಕ್ರೋವೇವ್ ಇಂಜಿನಿಯರಿಂಗ್ ಕಲಿಸಿದ ರಾಜೇಶ್ವರಿ ಚಟರ್ಜಿ ನಮ್ಮ ಕರ್ನಾಟಕದವರೇ. ಐಐಟಿಗಳು 2018ರಿಂದ ಹುಡುಗರ ಸೀಟು ಕಡಿಮೆ ಮಾಡದೆ ಹುಡುಗಿಯರಿಗೆ ಹೆಚ್ಚುವರಿ ಸೀಟು ಸೃಷ್ಟಿಸಿದವು. ಅದಕ್ಕೆ ಮೊದಲು ಶೇ 8ರಷ್ಟಿದ್ದ ಅವರ ಪ್ರಮಾಣಕ್ಕೆ 2020ರ ವೇಳೆಗೆ ಶೇ 20ರ ಗುರಿ ಇಡಲಾಯಿತು. ಆ ಹುಡುಗಿಯರೂ ಐಐಟಿ ಪ್ರವೇಶ ಪರೀಕ್ಷೆಯಾದ ಅದೇ ಜೆಇಇ ಅಡ್ವಾನ್ಸ್‌ಡ್ ತೇರ್ಗಡೆಯಾಗಿಯೇ ಬರುತ್ತಾರೆ ಎಂಬುದನ್ನು ಈ ಸೀಟುಗಳನ್ನು ಟೀಕಿಸುವವರು ಮರೆಯುತ್ತಾರೆ.

ಆದರೆ ಸೀಟು ಸಿಕ್ಕರಷ್ಟೇ ಸಾಲದು. ಪ್ರಾಜೆಕ್ಟ್ ಕೆಲಸಕ್ಕೆಂದು ನಮ್ಮ ಲ್ಯಾಬ್ ರಾತ್ರಿ ಎಂಟರವರೆಗೆ ತೆರೆದಿರುತ್ತದೆ, ಹುಡುಗಿಯರ ಹಾಸ್ಟೆಲ್ ಗೇಟು ಆರೂವರೆಗೆ ಮುಚ್ಚುತ್ತದೆ. ಆ ಒಂದೂವರೆ ಗಂಟೆಯಲ್ಲೇ ಸರ್ಕ್ಯೂಟ್ ಕೈಗೆ ಹತ್ತುವುದು. ಗೇಟಿನ ಸಮಯ ಬದಲಿಸಿ, ಲ್ಯಾಬಿನಿಂದ ಹಾಸ್ಟೆಲ್‌ವರೆಗೆ ವಾಹನ ಒದಗಿಸಿ ಎಂದು ಈ ವಾರ ನಾನು ಲಿಖಿತ ಮನವಿ ಕೊಟ್ಟಿದ್ದೇನೆ. ಅಂತಿಮ ವರ್ಷದ ಅಷ್ಟೂ ವಿದ್ಯಾರ್ಥಿನಿಯರು ಅದಕ್ಕೆ ಸಹಿ ಹಾಕಿದ್ದಾರೆ.