ರಾಜನಿಲ್ಲದ ಊರಿನ ಗೋಡೆ

ಊರಿನ ಇತಿಹಾಸವನ್ನು ಗೋಡೆಗೆ ಬರೆಸುವ ಉತ್ಸಾಹ ಬಂದಾಗ ಚಿತ್ರದುರ್ಗದವರಿಗೆ ತಲೆನೋವೇ ಇಲ್ಲ. ಏಳು ಸುತ್ತಿನ ಕೋಟೆಯಿದೆ, ಮದಕರಿ ನಾಯಕನ ಮೀಸೆಯಿದೆ, ಕಿಂಡಿಯ ಬಳಿ ಒನಕೆ ಎತ್ತಿದ ಓಬವ್ವನಿದ್ದಾಳೆ. ಬಣ್ಣ ಕಲಸಿದರೆ ಮುಗಿಯಿತು. ಕಷ್ಟವೆಲ್ಲ ನಮ್ಮ ದಾವಣಗೆರೆಯದು. 1997ರಲ್ಲಿ ಜಿಲ್ಲೆ ಬೇರೆಯಾದಾಗ ಆ ಕೋಟೆ ಅವರ ಪಾಲಿಗೆ ಹೋಯಿತು. ನಮಗೆ ದೋಸೆ ಉಳಿಯಿತು.

ನಮಗೆ ಸರದಾರರೇ ಇರಲಿಲ್ಲವೆಂದಲ್ಲ. ಬೇತೂರಿನ ಮಗ್ಗುಲಲ್ಲಿ ಯಾರ ಲೆಕ್ಕಕ್ಕೂ ಇಲ್ಲದೆ ಬಿದ್ದಿದ್ದ ಈ ಹಳ್ಳಿಯನ್ನು ಹೈದರಾಲಿ ಮರಾಠಾ ಸರದಾರನೊಬ್ಬನಿಗೆ ಜಹಗೀರು ಕೊಟ್ಟ. ಆತ ಮಾಡಿದ ದೊಡ್ಡ ಕೆಲಸವೆಂದರೆ ವ್ಯಾಪಾರಿಗಳನ್ನು ಕರೆದು ನೆಲೆ ನಿಲ್ಲಿಸಿದ್ದು. ಇಂಥವನನ್ನು ಬರೆಯುವುದು ಹೇಗೆ? ಕುದುರೆ ಏರಿಸಿ ಕತ್ತಿ ಹಿಡಿಸಿದರೆ ವ್ಯಾಪಾರ ಕಾಣುವುದಿಲ್ಲ. ತಕ್ಕಡಿ ಕೊಟ್ಟರೆ ಕಿರಾಣಿ ಅಂಗಡಿಯ ಜಾಹೀರಾತಾಗುತ್ತದೆ.

ಆಮೇಲೆ ಹತ್ತಿ ಗಿರಣಿಗಳು. ಚಿತ್ರಕಾರರಿಗೆ ಚಿಮಣಿ ಎಂದರೆ ಪ್ರೀತಿ: ಎರಡು ನೇರ ಗೆರೆ, ಮೇಲೊಂದಿಷ್ಟು ಹೊಗೆ. ದೊಡ್ಡ ಗಿರಣಿಗಳು ಬಾಗಿಲು ಹಾಕಿ ಎಷ್ಟೋ ಕಾಲವಾದರೂ ಗೋಡೆಯ ಮೇಲಿನವು ಹೊಗೆ ಬಿಡುತ್ತಲೇ ಇರುತ್ತವೆ. ಬಿಡಲಿ. ಪಾಳಿ ಮುಗಿಸಿ ಬುತ್ತಿ ಡಬ್ಬಿ ಹಿಡಿದು ಹೊರಬರುತ್ತಿದ್ದ ಕಾರ್ಮಿಕರನ್ನು ಬರೆಯಲು ಮಾತ್ರ ಯಾರಿಗೂ ಮನಸ್ಸಿಲ್ಲ. ಗುಂಪಿನಲ್ಲಿ ಮುಖಗಳು ಹೆಚ್ಚು, ಬರೆಯುವವನ ಕೂಲಿ ಅಷ್ಟೇ!

ದೋಸೆಯ ಪಾಡು ಇನ್ನೂ ವಿಚಿತ್ರ. 1928ರಲ್ಲಿ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ, ನಾಟಕದ ಥಿಯೇಟರಿನ ಹೊರಗೆ ದೋಸೆ ಹುಯ್ಯತೊಡಗಿದರೆಂದು ಊರಲ್ಲಿ ಹೇಳುತ್ತಾರೆ. ಆಗ ಅದು ರಾಗಿ ಹಿಟ್ಟಿನದು. ಅಕ್ಕಿ, ಬೆಣ್ಣೆಗಳು ಬಂದದ್ದು ಮಕ್ಕಳ ಕಾಲಕ್ಕೆ. ನನ್ನನ್ನು ಕೇಳಿದರೆ ಗೋಡೆಯ ನಟ್ಟನಡುವೆ ನಿಲ್ಲಬೇಕಾದವರು ಆಕೆಯೇ. ದುರ್ಗಕ್ಕೆ ಒನಕೆಯಾದರೆ ನಮಗೆ ದೋಸೆ ಮಗುಚುವ ಸಟ್ಟುಗ. ಆದರೆ ಗೋಡೆ ಬರೆಸುವವರಿಗೆ ತಟ್ಟೆಯ ಮೇಲೇ ಮೋಹ. ಹುಯ್ದವರನ್ನು ಬಿಟ್ಟು ಮಂಚದಗಲದ ದೋಸೆಯೊಂದನ್ನು ಬರೆಸಿ, ಮೇಲೊಂದು ಬೆಣ್ಣೆ ಮುದ್ದೆ ಇಡಿಸುತ್ತಾರೆ. ಒಂದು ಲಾಭವುಂಟು: ದೇವರ ಚಿತ್ರದ ಪಕ್ಕದಲ್ಲೇ ಗುಟ್ಕಾ ಉಗಿಯುವ ಧೈರ್ಯಸ್ಥರೂ ಬೆಣ್ಣೆ ದೋಸೆಯ ಮೇಲೆ ಉಗಿಯಲು ಸ್ವಲ್ಪ ಯೋಚಿಸುತ್ತಾರೆ.

ಇನ್ನು ಮಂಡಕ್ಕಿ. ಅದರ ಚಿತ್ರಕ್ಕೆ ಸರಿಯಾದ ಜಾಗ ಮಂಡಕ್ಕಿ ಭಟ್ಟಿಗಳ ಬೀದಿಯೇ. ಆದರೆ ಅಲ್ಲಿ ಒಲೆಯ ಹೊಗೆ ಹಿಡಿದು ಯಾವ ಬಣ್ಣವೂ ಬಹುಕಾಲ ಬಾಳುವುದಿಲ್ಲ. ಹಾಗಾಗಿ ಭಟ್ಟಿಯವರ ಪಾಲಿನ ಇತಿಹಾಸವನ್ನು ಹುರಿದ ವಾಸನೆಯೂ ತಲುಪದ ಯಾವುದೋ ಹೊಸ ಬಡಾವಣೆಯ ಕಾಂಪೌಂಡಿಗೆ ಬರೆಸಬೇಕಾಗುತ್ತದೆ. ಅಲ್ಲಿಯಾದರೂ ಪಕ್ಕದಲ್ಲಿ ನಾಲ್ಕು ಮಿರ್ಚಿ ಬರೆಯುವುದನ್ನು ಮರೆಯದಿದ್ದರೆ ಸಾಕು.