ಹಂಪ್ ಅಲ್ಲ, ಗೋಡೆ

ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಪ್ರಕಾರ ಹಂಪ್‌ನ ಎತ್ತರ 10 ಸೆಂ.ಮೀ., ವಾಹನ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್. ಬೆಂಗಳೂರಿನ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಡಾಂಬರು ದಿಬ್ಬಗಳಿಗೆ ಈ ಅಗಲವೇ ಇರುವುದಿಲ್ಲ. ನೆಲಕ್ಕೂ ಹೊಟ್ಟೆಗೂ 120 ಮಿ.ಮೀ. ಅಂತರವಷ್ಟೇ ಇರುವ ಸ್ಪೋರ್ಟ್ಸ್ ಕಾರಿನ ಮುಂದಿನ ಚಕ್ರ ದಿಬ್ಬ ಇಳಿದ ಕೂಡಲೇ ಸ್ಪ್ರಿಂಗ್ ಕುಗ್ಗಿ ಹೊಟ್ಟೆ ಅದರ ಮೇಲೆ ಕೂರಬಹುದು. ಮೂಗು ಎತ್ತುವ ವ್ಯವಸ್ಥೆ ಮುಖ್ಯವಾಗಿ ಮುಂಭಾಗವನ್ನು ಉಳಿಸುತ್ತದೆ, ನಡುವನ್ನು ಅಷ್ಟಾಗಿ ಅಲ್ಲ. ಇದನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ!

ತರಚಿದ ಮೇಲೆ ಗ್ಯಾರೇಜಿನವರು ಮಾಡುವುದು ಇನ್ನೂ ಸಂಕಟ. ಮಣ್ಣನ್ನೂ ತೊಳೆಯದೆ ಕಪ್ಪು ಕೋಟಿಂಗ್ ಬಳಿದು ಕಳಿಸುತ್ತಾರೆ. ಒಳಗೆ ತುಕ್ಕು ಹಾಯಾಗಿ ಹಬ್ಬುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಕೆಳಗೆ ತೂರಬಾರದು), ತೊಳೆದು ಒಣಗಿಸಿ, ತುಕ್ಕನ್ನು 120 ಗ್ರಿಟ್‌ನ (ಒರಟುತನದ ಅಳತೆ) ಮರಳು ಕಾಗದದಿಂದ ಉಜ್ಜಿ, ಲೋಹ ಕಂಡಲ್ಲಿ ತುಕ್ಕು ತಡೆಯುವ ಮೊದಲ ಲೇಪವಾದ ಎಪಾಕ್ಸಿ ಪ್ರೈಮರ್ ಹಚ್ಚಬೇಕು. ಅದು ಒಣಗಿದ ಮೇಲೆ ರಬ್ಬರ್ ಕೋಟಿಂಗ್, ತೆಳುವಾಗಿ ಎರಡು ಸಲ. ಸೈಲೆನ್ಸರ್, ಬ್ರೇಕ್, ನೀರು ಇಳಿಯುವ ರಂಧ್ರಗಳಿಗೆ ಅದು ತಾಗಲೇಬಾರದು.

ಮುಂದಿನ ಬಂಪರ್‌ನ ಅಡಿಯಂಚಿನ ಪ್ಲಾಸ್ಟಿಕ್ ಲಿಪ್ ಸೀಳಿದ್ದರೆ ಸೀಳಿನ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಅದು ಮುಂದೆ ಓಡುತ್ತದೆ. ಆಮೇಲೆ ಹಿಂಬದಿಯಿಂದ ಜಾಲರಿ ಇಟ್ಟು ಬಂಪರ್ ಅಂಟು ತುಂಬಿ. ಕಾರಿನ ಅಡಿಯನ್ನು ಮುಚ್ಚುವ ಕೆಳತಟ್ಟೆಯ ಕ್ಲಿಪ್‌ಗಳನ್ನೂ ಎಣಿಸಿ. ಎರಡು ಹೋಗಿದ್ದರೂ ಹೆದ್ದಾರಿಯ ವೇಗದಲ್ಲಿ ಗಾಳಿ ನುಗ್ಗಿ ತಟ್ಟೆಯನ್ನೇ ಕಿತ್ತೀತು.

ಲಿಪ್‌ನ ಅಡಿಗೆ ಬದಲಾಯಿಸಬಲ್ಲ ಪಾಲಿಯುರೆಥೇನ್ ಪಟ್ಟಿ ಹಾಕಿಸಿ, ಸವೆಯುವುದು ಅದೇ ಆಗಲಿ. ದಿಬ್ಬವನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿ. ಆದರೆ ಎದುರಿಂದ ಬೈಕುಗಳು ನುಗ್ಗುವ ಕಿರಿದಾದ ರಸ್ತೆಯಲ್ಲಿ ಓರೆಗೆ ಜಾಗವಾದರೂ ಎಲ್ಲಿದೆ?